ಗಾಳಿ ಆಡದ ಮಗ್ಗದ ಖೋಲಿ

ಮೊನ್ನೆ ಕಪಾಟಿನ ತಳದಿಂದ ನಾರಾಯಣಪೇಟೆ ಸೀರೆಯೊಂದನ್ನು ತೆಗೆದು ಮಡಿಕೆ ಬಿಚ್ಚಿದೆ. ಒಮ್ಮೆಯೂ ಒಗೆಯದ ಸೀರೆ. ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು, ಅದರ ಬೆನ್ನಿಗೇ ಪಕ್ಕದ ಮನೆಯ ಕಾಕಾ ನೆನಪಾದರು. ನೇಯ್ದವರು ಅವರೇ. ಉಡಲು ಮನಸ್ಸಾಗಲಿಲ್ಲ, ಹಾಗೇ ಒಳಗಿಟ್ಟೆ.

ನಮ್ಮೆರಡು ಮನೆಗೂ ಒಂದೇ ಗೋಡೆ. ಆಚೆ ಬದಿಗೆ ಅವರ ಮಗ್ಗದ ಖೋಲಿ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಬೇಸಿಗೆ ಬಂತೆಂದರೆ ಕಾಕಾ ಕಿಟಕಿ, ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ, ಗೋಡೆಗೆ ಹಸಿ ಗೋಣಿಚೀಲ ತೂಗುಹಾಕಿ ಒಳಗೆ ಕೂರುತ್ತಿದ್ದರು. ಒಣಗಾಳಿ ತಾಗಿದರೆ ನೂಲು ಪಟಪಟ ಹರಿಯುತ್ತದೆ. ನೇಯುವವನು ಬೆಂದರೂ ಸರಿ, ಎಳೆ ಒಣಗಬಾರದು... ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ನೇಯುತ್ತಿದ್ದರು.

ನಾನಾಗ ತೆಲುಗು ಸೀಮೆಯ ಮಕ್ತಲ್‌ನ ಕನ್ನಡ ಶಾಲೆಯಲ್ಲಿ ವಿಜ್ಞಾನದ ಟೀಚರ್. ಮಕ್ಕಳಿಗೆ ತೋರಿಸಲೆಂದು ಹವಾಮಾನ ಬದಲಾವಣೆಯ ಸಾಕ್ಷ್ಯಚಿತ್ರವೊಂದನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೆ. ಮೊದಲು ನಾನೇ ನೋಡಿಬಿಡೋಣವೆಂದು ಒಂದು ಭಾನುವಾರ ಮಧ್ಯಾಹ್ನ ಟಿವಿಗೆ ಹಾಕಿದೆ. ತೆಲುಗು ಮಾತು ಜೋಡಿಸಿದ ಚಿತ್ರ. ಊಟ ಮುಗಿಸಿ ಎಲೆಅಡಿಕೆ ಜಗಿಯುತ್ತಾ ಬಂದ ಕಾಕಾ ಗೋಡೆಗೆ ಒರಗಿ ಕೂತರು.

ಚಿತ್ರದಲ್ಲಿ ವಿಜ್ಞಾನಿಗಳು ಹಡಗಿನಲ್ಲಿ ಹೋಗಿ ಹಿಮ ಕೊರೆದು ಹಳೆಯ ಕಾಲದ ಗಾಳಿ ಪರೀಕ್ಷೆ ಮಾಡುತ್ತಿದ್ದರು. ಕಾಕಾ ನಕ್ಕರು. "ಭೂಮಿಗೆ ಜ್ವರ ಬಂದೈತಿ ಅಂತ ಹೇಳಾಕ ಇಷ್ಟು ಮಂದಿ ಹಡಗದಾಗ ಹೋಗಬೇಕೇನವ್ವಾ? ಅಂಗೈ ಹುಣ್ಣಿಗೆ ಕನ್ನಡಿ ಯಾಕಬೇಕು? ಮುಂಜಾನೆ ಓಣ್ಯಾಗ ನೂಲು ಚಾಚಿ ಗಂಜಿ ಹಚ್ಚತೀವಲ್ಲ, ಮೊದಲೆಲ್ಲ ಹೊತ್ತು ಏರೂತನಕ ತೀಡತಿದ್ವಿ. ಈಗ ಕುಂಚ ಎತ್ತೂದರಾಗ ಒಣಗಿರ್ತೈತಿ."

ಆಮೇಲೆ ಒಬ್ಬಾಕೆ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ತೋರಿಸಿದಳು. ಗಾಳಿಯಲ್ಲಿ ತೇವ ತುಂಬಿ, ಸೆಕೆಯೂ ಏರಿದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಗಟ್ಟಿಮುಟ್ಟಾದ ಮನುಷ್ಯ ನೆರಳಲ್ಲಿ ಕೂತಲ್ಲೇ ಸಾಯಬಹುದು, ಎಂದಳು.

ಕಾಕಾ ಜಗಿಯುವುದನ್ನು ನಿಲ್ಲಿಸಿದರು. "ನೆಳ್ಳಾಗ ಕುಂತವನೂ?"

"ಹೂಂ ರೀ ಕಾಕಾ. ಹಸಿ ಇದ್ದು, ಗಾಳಿ ಆಡದ ಕಡಿ."

"ನನ್ನ ಮಗ್ಗದ ಖೋಲಿ ಹಂಗೇ ಐತಲ್ಲವ್ವಾ..."

ನಾನು ಮೇಷ್ಟ್ರಗಿತ್ತಿ ನೋಡಿ, ತಿದ್ದದೆ ಬಿಡುತ್ತೇನೆಯೇ! "ಅಯ್ಯ, ಇದು ಇಡೀ ಭೂಮಿ ಮಾತು ರೀ, ನಿಮ್ಮ ಖೋಲಿ ಮಾತಲ್ಲ. ಅದೂ ಮೊಮ್ಮಕ್ಕಳ ಕಾಲಕ್ಕ."

"ಮೊಮ್ಮಕ್ಕಳ ಕಾಲಕ್ಕ ಅಂದ್ರ ನಾ ಬಚಾವ್ ಬಿಡು," ಎಂದು ನಕ್ಕು ಎದ್ದರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದೇ ಬೇಸಿಗೆಯಲ್ಲಿ, ಪರೀಕ್ಷೆ ಮುಗಿದ ಹೊತ್ತಿಗೆ ಅಕಾಲದ ಒಂದು ಅಡ್ಡಮಳೆ ಬಿತ್ತು. ಮರುದಿನ ಬಿಸಿಲು ಸುಡತೊಡಗಿತು, ನೆಲದಿಂದ ಉಗಿ ಎದ್ದಿತು, ಒಂದು ಎಲೆಯೂ ಅಲ್ಲಾಡಲಿಲ್ಲ. ಗದ್ವಾಲದ ಸಾವುಕಾರರಿಗೆ ಮದುವೆಯ ಸೀರೆ ಮುಟ್ಟಿಸಬೇಕಿತ್ತು. ಕಾಕಾ ಉಂಡವರೇ ರೂಢಿಯಂತೆ ಖೋಲಿ ಸೇರಿ ಬಾಗಿಲು ಮುಚ್ಚಿಕೊಂಡರು. ನಾನು ಈಚೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಗೋಡೆಯಾಚೆ ಮಗ್ಗದ ಸದ್ದು ಚೆನ್ನಾಗಿಯೇ ಇತ್ತು, ಆಮೇಲೆ ನಿಂತಿತು. ಎಳೆ ಹರಿದಿರಬೇಕು, ಕಟ್ಟುತ್ತಿದ್ದಾರೆ ಅಂದುಕೊಂಡೆ. ಇನ್ನೊಂದು ಪೇಪರು ತಿದ್ದಿದೆ. ಮತ್ತೊಂದು...

ಚಹಾ ಕೊಡಲು ಬಾಗಿಲು ತೆಗೆದ ಅವರ ಸೊಸೆ ಕಿರುಚಿದಳು. ಗುಂಡಿಯಲ್ಲಿ ಕಾಲು ಇಳಿಬಿಟ್ಟಂತೆಯೇ ಕಾಕಾ ನೇಯ್ದ ಬಟ್ಟೆಯ ಮೇಲೆ ಬೋರಲಾಗಿದ್ದರು. ಮೈ ಕೆಂಡವಾಗಿತ್ತು. ದವಾಖಾನೆಯಲ್ಲಿ ಬಿಸಿಲು ಬಡಿದು ಜೀವ ಹೋಗಿದೆ ಎಂದರು. "ಮನಿಶ್ಯಾ ಬಿಸಲಿಗೆ ಹೋಗೇ ಇಲ್ಲ, ಬಿಸಲು ಹೆಂಗ ಬಡೀತು?" ಎಂದು ಓಣಿಯ ಮಂದಿ ತಲೆ ಕೆಡಿಸಿಕೊಂಡರು. ಹೇಗೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಆಮೇಲೆ ಆ ಚಿತ್ರವನ್ನು ಶಾಲೆಯಲ್ಲಿ ಎಷ್ಟು ಸಲ ತೋರಿಸಿದೆನೋ! ಮಕ್ಕಳಿಗೆ ಚೆನ್ನಾಗಿ ವಿವರಿಸುತ್ತೇನೆಂದು ಹೆಸರೂ ಬಂತು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಈಗ ಕಾಕಾ ಇಲ್ಲ. ಅವರ ಮಗ್ಗಕ್ಕೆ ಸೊಸೆ ಕೂರುತ್ತಾಳೆ. ವರ್ಷಗಳ ಮೇಲೆ, ಈ ಬೇಸಿಗೆಯಲ್ಲಿ, ಮೊದಲ ಸಲ ಅವಳನ್ನು ಕೂಡಿಸಿಕೊಂಡು ಆವತ್ತು ಚಿತ್ರ ನೋಡಿದ್ದು, ಕಾಕಾ ಕೇಳಿದ್ದು, ನಾನು ಅಂದದ್ದು ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಬಾಗಿಲ ತೆಗದ್ರ ಎಳಿ ನಿಲ್ಲಂಗಿಲ್ಲಕ್ಕಾ. ನೀವ ಓದಿದವರು, ಏನ್ ಮಾಡ್ಲಿ ಹೇಳ್ರಿ," ಎಂದಳು.

ನಿನ್ನೆ ಮತ್ತೆ ಅಡ್ಡಮಳೆ ಬಿದ್ದಿದೆ. ಇವತ್ತು ಬೆಳಗಿನಿಂದ ಸೆಕೆ ಉಸಿರು ಕಟ್ಟಿಸುತ್ತಿದೆ. ಉಂಡ ಮೇಲೆ ಅವಳು ಖೋಲಿಯ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಇಷ್ಟು ಬರೆಯುವವರೆಗೂ ಮಗ್ಗ ನಡೆದೇ ಇತ್ತು, ಈಗ ನಿಂತಿದೆ. ಎಳೆ ಕಟ್ಟುತ್ತಿರಬಹುದು... ಪೆನ್ನು ಇಟ್ಟು ಏಳುತ್ತಿದ್ದೇನೆ, ಹೋಗಿ ಆ ಬಾಗಿಲು ತಟ್ಟಬೇಕು.