ತಂತಿ ಜೋಡಿಸದ ಸ್ವಿಚ್ಚು

ನಾನು ಗಾಡಿ ರಿಪೇರಿ ಮಾಡುವವನು. ಶಿಗ್ಗಾವಿಯಲ್ಲಿ ಹೆದ್ದಾರಿಯಿಂದ ತುಸು ಒಳಗೆ ನನ್ನ ಗ್ಯಾರೇಜಿದೆ. ಈ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಒಂದು ಬಗೆಯ ಸೊಕ್ಕು ಬಂದುಬಿಡುತ್ತದೆ. ಗಾಡಿ ಮಾಡುವ ಪ್ರತಿಯೊಂದು ಸಪ್ಪಳಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಕ್ಕೇ ಸಿಗುತ್ತದೆ ಎಂಬ ಸೊಕ್ಕು. ಒಮ್ಮೆ ಹಾನಗಲ್ ಕಡೆಯ ಲಾರಿ ಡ್ರೈವರೊಬ್ಬ ಬಂದು, ಒಂದು ಆಲದ ಮರದ ಎದುರಿಗೆ ಹೋದಾಗಲೆಲ್ಲ ತನ್ನ ಗಾಡಿ ಬಂದ್ ಆಗುತ್ತದೆ, ಅಲ್ಲಿ ಏನೋ ಇದೆ ಎಂದು ನಡುಗುತ್ತ ಹೇಳಿದ್ದ. ಆ ಮರದ ಬುಡದಲ್ಲಿ ರಸ್ತೆಗೆ ದೊಡ್ಡ ತಗ್ಗಿತ್ತು. ತಗ್ಗಿಗೆ ಗಾಲಿ ಇಳಿದಾಗ ಬ್ಯಾಟರಿಯ ಸಡಿಲ ತಂತಿ ಬಿಟ್ಟುಕೊಳ್ಳುತ್ತಿತ್ತು. ಒಂದು ನಟ್ಟು ಬಿಗಿಮಾಡಿ ಅವನ ದೆವ್ವ ಓಡಿಸಿದ್ದೆ. ಈ ಕತೆಯನ್ನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ.

ಅದಕ್ಕೇ ಈಗ ಬರೆಯುತ್ತಿರುವ ಸಂಗತಿಯನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ. ನಗುವವರಲ್ಲಿ ಮೊದಲಿಗ ನಾನೇ ಆಗಿದ್ದೆನಲ್ಲ. ನೀವು ನಂಬಲೇಬೇಕೆಂದು ನನ್ನ ಹಟವೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಸವಣೂರಿನ ಹುಸೇನಸಾಬರು ನನ್ನ ಹಳೆಯ ಗಿರಾಕಿ. ವಯಸ್ಸು ಐವತ್ತು ದಾಟಿದೆ. ಹೊಲಗಳಲ್ಲಿ ಬೋರ್‌ವೆಲ್‌ನ ಮೋಟರು ಸುಟ್ಟರೆ ಅದನ್ನು ಮೇಲೆತ್ತಿ, ರಿಪೇರಿಯಾದ ಮೇಲೆ ಮತ್ತೆ ಇಳಿಸಿಕೊಡುವುದು ಅವರ ಉದ್ಯೋಗ. ಒಂದು ಪಿಕಪ್ ಗಾಡಿ, ಅದರ ತುಂಬ ಕಬ್ಬಿಣದ ಕಂಬ, ಚೈನು, ಹಗ್ಗ. ಆ ಭಾಗದ ಎರೆಮಣ್ಣು ನಿಮಗೆ ಗೊತ್ತಿದ್ದರೆ ಅವರ ಪಾಡೂ ಗೊತ್ತಾಗುತ್ತದೆ. ಒಂದು ಮಳೆ ಬಿದ್ದರೆ ಸಾಕು, ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ನಿಂತಲ್ಲೇ ತಿರುಗುತ್ತದೆ. "ಮಿಸ್ತ್ರಿ, ನಾ ಮಂದಿ ಮೋಟರ್ ಎತ್ತಾಕ ಹೋಗ್ತೇನಿ, ನನ್ನ ಗಾಡಿ ಎತ್ತಾಕ ಟ್ರ್ಯಾಕ್ಟರ್ ಕರೀಬೇಕಾಗತೈತಿ. ಮರ್ಯಾದಿ ಏನುಳೀತು ಹೇಳ್ರಿ?" ಎಂದು ನಗುತ್ತಲೇ ಕೊರಗುತ್ತಿದ್ದರು.

ಅವರೇ ಮೊಬೈಲಿನಲ್ಲಿ ಎಲ್ಲೋ ನೋಡಿ ಆ ಸಾಮಾನು ತರಿಸಿದ್ದು. ಗಾಳಿಯಿಂದ ಲಾಕ್ ಆಗುವ ಡಿಫರೆನ್ಷಿಯಲ್. ಗಾಡಿಯ ಗೊಡವೆ ಇಲ್ಲದವರಿಗೂ ತಿಳಿಯುವ ಹಾಗೆ ಹೇಳಿಬಿಡುತ್ತೇನೆ. ಪಿಕಪ್ಪಿನ ಹಿಂದಿನ ಎರಡು ಗಾಲಿಗಳ ನಡುವೆ ಕಬ್ಬಿಣದ ದುಂಡನೆಯ ಬುರುಡೆಯೊಂದು ಕಾಣುತ್ತದಲ್ಲ, ಅದರೊಳಗೆ ಹಲ್ಲಿನ ಚಕ್ರಗಳಿವೆ. ತಿರುವಿನಲ್ಲಿ ಒಂದು ಗಾಲಿ ಹೆಚ್ಚು, ಇನ್ನೊಂದು ಕಡಿಮೆ ತಿರುಗಲು ಅವು ಅನುವು ಮಾಡಿಕೊಡುತ್ತವೆ. ಒಳ್ಳೆಯದೇ. ಆದರೆ ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಇಂಜಿನ್ನಿನ ಬಲವೆಲ್ಲ ಅದಕ್ಕೇ ಹೋಗಿ, ಗಟ್ಟಿ ನೆಲದ ಮೇಲಿರುವ ಗಾಲಿ ಅಲ್ಲಾಡದೆ ನಿಲ್ಲುತ್ತದೆ. ಈ ಹೊಸ ಸಾಮಾನಿನಲ್ಲಿ ಒಂದು ಸ್ವಿಚ್ಚಿರುತ್ತದೆ. ಒತ್ತಿದರೆ ಸಣ್ಣ ಕಂಪ್ರೆಸರಿನಿಂದ ಕೊಳವೆಯಲ್ಲಿ ಗಾಳಿ ನುಗ್ಗಿ, ಎರಡೂ ಗಾಲಿಗಳನ್ನು ಒಂದೇ ಸರಳಿಗೆ ಬೆಸೆದ ಹಾಗೆ ಕೂಡಿಸುತ್ತದೆ. ಗಾಳಿ ಇಲ್ಲದಿದ್ದರೆ ಒಳಗಿನ ಸ್ಪ್ರಿಂಗುಗಳು ಅದನ್ನು ಬಿಡಿಸಿಯೇ ಇಡುತ್ತವೆ.

ಅಂಥದ್ದನ್ನು ಕೂಡಿಸಿದ್ದು ನನಗೆ ಅದೇ ಮೊದಲು. ನಾಲ್ಕು ದಿನ ಹಿಡಿಯಿತು. ಹಿಂದಿನ ಆಕ್ಸಲ್ ಎಳೆದು, ಹಳೆಯದನ್ನು ಇಳಿಸಿ, ದೊಡ್ಡ ಹಲ್ಲಿನ ಚಕ್ರವನ್ನು ಹೊಸದಕ್ಕೆ ಕೂಡಿಸಿದೆ. ಹಲ್ಲಿಗೆ ಹಲ್ಲು ಸರಿಯಾಗಿ ಕಚ್ಚುತ್ತದೋ ಇಲ್ಲವೋ ಎಂದು ನೀಲಿ ಬಣ್ಣ ಹಚ್ಚಿ ತಿರುಗಿಸಿ ಗುರುತು ನೋಡಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಚ್ಚಿ, ಕಾಗದದಂಥ ತೆಳು ತಗಡು ಸೇರಿಸಿ, ಮತ್ತೆ ಕೂಡಿಸಬೇಕು. ಹನ್ನೊಂದು ಸಲ ಬಿಚ್ಚಿದೆ. ಕೊನೆಗೆ ಗಾಳಿಯ ಕೊಳವೆಗಾಗಿ ಹೌಸಿಂಗಿಗೆ, ಅಂದರೆ ಆ ಕಬ್ಬಿಣದ ಬುರುಡೆಗೆ, ಒಂದು ತೂತು ಕೊರೆದೆ.

ಎಲ್ಲ ಮುಗಿಯಿತು, ಕಂಪ್ರೆಸರ್ ಒಂದೇ ಬಂದಿರಲಿಲ್ಲ. ಅದರ ಪಾರ್ಸಲ್ಲು ಬೇರೆ, ಇನ್ನೂ ಹುಬ್ಬಳ್ಳಿಯಲ್ಲಿತ್ತು. ಹಾಗಾಗಿ ಕೊಳವೆಯ ತುದಿಗೆ ಧೂಳು ಹೋಗದಂತೆ ಒಂದು ಹಿತ್ತಾಳೆಯ ಮುಚ್ಚಳ ತಿರುವಿ ಬಿಗಿ ಮಾಡಿದೆ. ಸ್ವಿಚ್ಚನ್ನು ಮಾತ್ರ ಹುಸೇನಸಾಬರ ಆಸೆಗೆ ಡ್ಯಾಶ್‌ಬೋರ್ಡಿನಲ್ಲಿ ಆಗಲೇ ಕೂಡಿಸಿಟ್ಟಿದ್ದೆ. ಅದರ ಎರಡು ತಂತಿಗಳು ಕೆಳಗೆ ಸುಮ್ಮನೆ ಜೋತಾಡುತ್ತಿದ್ದವು. ಇದನ್ನು ದಯವಿಟ್ಟು ಗಮನಿಸಿ. ಗಾಡಿಯಲ್ಲಿ ಗಾಳಿ ಇರಲಿಲ್ಲ. ಸ್ವಿಚ್ಚಿಗೆ ಕರೆಂಟ್ ಇರಲಿಲ್ಲ.

ಐದನೆಯ ದಿನ ಮಧ್ಯಾಹ್ನ, ಹಲ್ಲುಗಳ ಸಪ್ಪಳ ಕೇಳಿ ನೋಡೋಣವೆಂದು ನಾನು, ಹುಸೇನಸಾಬರು ಗಾಡಿ ಹೊರಡಿಸಿದೆವು. ಸವಣೂರ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಹೋಗಿರಬೇಕು. ಬೆಳಗ್ಗೆ ಜೋರು ಮಳೆಯಾಗಿ ನಿಂತಿತ್ತು. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಆಗ ಹೊಲದ ದಾರಿಯಿಂದ ಒಬ್ಬ ಓಡಿ ಬಂದು ರಸ್ತೆಯ ನಡುವೆಯೇ ಕೈ ಚಾಚಿ ನಿಂತ. ಮೊಣಕಾಲ ತನಕ ಕೆಸರು. ಹೆಸರು ಫಕ್ಕೀರಪ್ಪ ಎಂದು ಆಮೇಲೆ ತಿಳಿಯಿತು.

"ಯಣ್ಣಾ, ನನ್ನ ಹೇಂತಿಗೆ ಹಾವು ಕಡದೈತ್ರಿ. ನಾಗರ. ನಾ ಕಣ್ಣಾರೆ ನೋಡೇನ್ರಿ. ಆ್ಯಂಬುಲೆನ್ಸಿಗೆ ಹೇಳೇವಿ, ಅದು ಹೊಲದಾಗ ಇಳಿಯೂದಿಲ್ರಿ. ಒಂದೂವರೆ ಮೈಲಿ ಒಳಗೈತ್ರಿ ಹೊಲ. ನಿಮ್ಮ ಕಾಲಿಗೆ ಬೀಳ್ತೇನಿ."

ನಿಜ ಹೇಳಬೇಕೆಂದರೆ, ನನ್ನ ಬಾಯಿಗೆ ಮೊದಲು ಬಂದದ್ದು ಇಲ್ಲ ಎನ್ನುವ ಮಾತು. ಹೊಸದಾಗಿ ಕೂಡಿಸಿದ ಡಿಫರೆನ್ಷಿಯಲ್, ಲಾಕ್ ಕೆಲಸ ಮಾಡುವುದಿಲ್ಲ, ಎರೆಹೊಲಕ್ಕೆ ಇಳಿದರೆ ಹೊರಗೆ ಬರುವ ಭರವಸೆ ಇಲ್ಲ. ಹೊತ್ತುಕೊಂಡು ಬರುವುದೇ ಮೇಲು ಎನ್ನಲಿದ್ದೆ. ಹುಸೇನಸಾಬರು ಆಗಲೇ ಬಾಗಿಲು ತೆಗೆದು ಅವನನ್ನು ಹತ್ತಿಸಿಕೊಂಡಿದ್ದರು. "ಒಂದೂವರೆ ಮೈಲಿ ಹೊತ್ಕೊಂಡು ಬರೂದ್ರಾಗ ಜೀವ ಇರತೈತೇನ್ರಿ ಮಿಸ್ತ್ರಿ? ನಡೀರಿ" ಎಂದರು. ನಾನು ಸ್ಟೇರಿಂಗ್ ತಿರುಗಿಸಿದೆ.

ಹೋಗುವಾಗ ದಾರಿ ಇಳಿಜಾರು, ಹೇಗೋ ಹೋದೆವು. ಶೇಂಗಾ ಹೊಲದ ಬದುವಿನ ಮೇಲೆ ಆಕೆ ಗೋಡೆಗೆ ಒರಗಿದ ಹಾಗೆ ಬೇವಿನ ಮರಕ್ಕೆ ಒರಗಿ ಕೂತಿದ್ದಳು. ದ್ಯಾಮವ್ವ. ಮೂವತ್ತರ ಹೆಣ್ಣುಮಗಳು. ಕಳೆ ತೆಗೆಯುವಾಗ ಎಡಗಾಲ ಹರಡಿಗೆ, ಗಿಣ್ಣಿನ ಹತ್ತಿರ, ಕಚ್ಚಿತ್ತು. ಅಳುತ್ತಿರಲಿಲ್ಲ. ರೆಪ್ಪೆಗಳು ಮಾತ್ರ ತಾವಾಗಿಯೇ ಇಳಿದು ಇಳಿದು ಬರುತ್ತಿದ್ದವು, ಆಕೆ ಹಣೆ ಗಂಟಿಕ್ಕಿ ಅವನ್ನು ಎತ್ತಲು ನೋಡುತ್ತಿದ್ದಳು. ವಿಷ ಏರುತ್ತಿದೆ ಎಂದು ತಿಳಿಯಿತು. ಎತ್ತಿ ಮುಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಕೂರಿಸಿದೆವು. ಗಂಡಸರಿಬ್ಬರೂ ಹಿಂದೆ ಹತ್ತಿದರು.

ಮರಳುವಾಗ ಅರ್ಧ ದಾರಿಗೆ, ಬರುವಾಗ ದಾಟಿದ್ದ ಸಣ್ಣ ಹಳ್ಳ ಮತ್ತೆ ಅಡ್ಡ ಬಂತು. ನೀರು ಹಿಮ್ಮಡಿ ಮುಳುಗುವಷ್ಟೇ. ಆದರೆ ಆಚೆ ದಂಡೆ ಏರು, ನುಣ್ಣಗೆ ಕೆಸರು. ಅಲ್ಲಿ ಎಡಗಾಲಿ ಜಾರಿತು. ಬಲಗಾಲಿ ಕಲ್ಲಿನ ಮೇಲಿತ್ತು, ಅಲ್ಲಾಡಲಿಲ್ಲ. ಎಡದ್ದು ತಿರುಗಿ ತಿರುಗಿ ತನಗೆ ತಾನೇ ಕುಣಿ ತೋಡಿಕೊಂಡಿತು. ಇವರಿಬ್ಬರೂ ಇಳಿದು ಹಿಂದಿನಿಂದ ನೂಕಿದರು, ಮೈಮೇಲೆಲ್ಲ ಕೆಸರು ಚಿಮ್ಮಿತು. ಹಿಂದಕ್ಕೆ ತೆಗೆದೆ, ಮುಂದಕ್ಕೆ ಕೊಟ್ಟೆ. ಇನ್ನೂ ಆಳಕ್ಕೆ ಇಳಿಯಿತು. ದ್ಯಾಮವ್ವನ ತಲೆ ಎದೆಯ ಮೇಲೆ ಬಿದ್ದಿತ್ತು. ಉಸಿರಿನ ಸಪ್ಪಳ ಬೇರೆಯಾಗಿತ್ತು.

ಆಗ ಆಕೆಯ ಬಲಗೈ ಮೇಲೆದ್ದದ್ದನ್ನು ಕಂಡೆ. ಹಿಡಿದುಕೊಳ್ಳಲು ಏನೋ ಹುಡುಕುತ್ತಿದ್ದಾಳೆ ಎಂದುಕೊಂಡೆ. ಕೈ ನೇರ ಡ್ಯಾಶ್‌ಬೋರ್ಡಿಗೆ ಹೋಯಿತು. ಅಲ್ಲಿ ಹಾಡಿನ ಪೆಟ್ಟಿಗೆಯ ಗುಂಡಿಗಳಿದ್ದವು, ದೀಪದ ಗುಂಡಿಗಳಿದ್ದವು. ಅವೆಲ್ಲವನ್ನೂ ಬಿಟ್ಟು, ನಾನು ತಂತಿ ಜೋಡಿಸದೆ ಕೂಡಿಸಿಟ್ಟಿದ್ದ ಆ ಹೊಸ ಸ್ವಿಚ್ಚನ್ನು ಹೆಬ್ಬೆರಳಿನಿಂದ ಒತ್ತಿದಳು.

ಹಿಂದಿನಿಂದ "ಟಕ್" ಎಂದಿತು.

ಆ ಸಪ್ಪಳವನ್ನು ನಾನು ಕಿವಿಯಿಂದ ಕೇಳಿದ್ದಕ್ಕಿಂತ ಹೆಚ್ಚಾಗಿ ಕೂತ ಸೀಟಿನಲ್ಲಿ ಅನುಭವಿಸಿದೆ. ಇಡೀ ಗಾಡಿ ಒಂದು ಸಲ ಸೆಟೆದುಕೊಂಡಿತು. ಅದುವರೆಗೆ ಅಲ್ಲಾಡದೆ ನಿಂತಿದ್ದ ಬಲಗಾಲಿ ಎಡದ ಜೊತೆಗೇ ತಿರುಗಿ, ಕಲ್ಲನ್ನು ಕಚ್ಚಿತು. ಕಾಲು ಸಿಕ್ಕ ಎತ್ತು ಏಳುವ ಹಾಗೆ, ಅವಸರವಿಲ್ಲದೆ, ಪಿಕಪ್ಪು ಆ ಏರನ್ನು ಹತ್ತಿತು. ನಿಲ್ಲಿಸಲು ಧೈರ್ಯ ಬರಲಿಲ್ಲ. ಗಟ್ಟಿ ನೆಲ ಸಿಗುವ ತನಕ ಹಾಗೇ ಹೋದೆ. ಅವರಿಬ್ಬರೂ ಹಿಂದೆ ಓಡಿ ಬಂದು ಹತ್ತಿಕೊಂಡರು.

ಡಾಂಬರು ರಸ್ತೆಗೆ ತಿರುಗುವಾಗ ಹಿಂದಿನ ಗಾಲಿ ಕಿರ್ರೆಂದು ಉಜ್ಜಿತು, ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ತಿರುಗಲಿಲ್ಲ. ಎರಡೂ ಗಾಲಿ ಲಾಕ್ ಆಗಿದ್ದರೆ ಮಾತ್ರ ಹಾಗಾಗುತ್ತದೆ. ಭ್ರಮೆಗೆ ಟಯರು ಕಿರುಗುಡುವುದಿಲ್ಲ. ಸವಣೂರಿನ ದವಾಖಾನೆಯ ಗೇಟಿನೊಳಗೆ ಹೊರಳಿದಾಗ ಮತ್ತೊಮ್ಮೆ "ಟಕ್" ಎಂದು, ಗಾಡಿ ಹಗುರಾಯಿತು. ಆ ಎರಡನೇ ಸಲ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ದ್ಯಾಮವ್ವನಿಗೆ ಅಷ್ಟರಲ್ಲಿ ಎಚ್ಚರವೇ ಇರಲಿಲ್ಲ.

ಡಾಕ್ಟರು ಸೂಜಿಮದ್ದು ಕೊಟ್ಟು, ಉಸಿರಿಗೆ ಕೊಳವೆ ಹಾಕಿದರು. ಇನ್ನು ಕಾಲು ಗಂಟೆ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಫಕ್ಕೀರಪ್ಪ ವರಾಂಡದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಕೈ ಹಿಡಿದುಕೊಂಡ.

ಹೊರಗೆ ಬಂದು ಹುಸೇನಸಾಬರ ಮುಖ ನೋಡಿದೆ. "ಎರಡೂ ಗಾಲಿ ಕೂಡೇ ತಿರಗಿದ್ವು ಮಿಸ್ತ್ರಿ. ನಾ ಅಲ್ಲೇ ನಿಂತಿದ್ದೆ" ಎಂದರು. ಕಂಪ್ರೆಸರ್ ಇಲ್ಲವೆಂದು ಅವರಿಗೂ ಗೊತ್ತಿತ್ತು. ಗಾಡಿಯ ಕೆಳಗೆ ತೂರಿ ನೋಡಿದೆ. ಮುಚ್ಚಳ ನಾನು ಬಿಗಿ ಮಾಡಿದ ಹಾಗೇ ಇತ್ತು, ಸುತ್ತಿದ ಬಿಳಿ ಟೇಪು ಕೂಡ ಹರಿದಿರಲಿಲ್ಲ. ಸ್ವಿಚ್ಚಿನ ತಂತಿಗಳು ಜೋತಾಡುತ್ತಲೇ ಇದ್ದವು. ಅದೇ ಸಂಜೆ ಇಬ್ಬರೂ ಹಳ್ಳಕ್ಕೆ ಮರಳಿ ಹೋಗಿ ಗುರುತು ನೋಡಿದೆವು. ಎಡಗಡೆ ಒಂದು ಆಳವಾದ ಕುಣಿ. ಅಲ್ಲಿಂದ ಮೇಲಕ್ಕೆ, ದಂಡೆಯ ತನಕ, ಎರಡು ಗಾಲಿಗಳ ಅಚ್ಚು ಒಂದೇ ಸಮ, ಇಸ್ತ್ರಿ ಗೆರೆಯ ಹಾಗೆ.

ಮರುದಿನ ಎಲ್ಲ ಬಿಚ್ಚಿದೆ. ಹಟದಿಂದಲೇ ಬಿಚ್ಚಿದೆ ಎನ್ನಿ. ಸ್ಪ್ರಿಂಗುಗಳು ಗಟ್ಟಿಯಾಗಿದ್ದವು, ಒಂದೂ ಮುರಿದಿರಲಿಲ್ಲ. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯೇ ಬಿಸಿಗೆ ಉಬ್ಬಿ ಒತ್ತಿರಬಹುದೇ ಎಂದು ಅದರ ಮೇಲೆ ಕುದಿಯುವ ನೀರು ಸುರಿದು ನೋಡಿದೆ. ಏನೂ ಆಗಲಿಲ್ಲ. ಗಾಡಿಯನ್ನು ಜಾಕಿನ ಮೇಲೆತ್ತಿ ಒಂದು ಗಾಲಿ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತಿತ್ತು, ಅಂದರೆ ಲಾಕ್ ಇಲ್ಲ. ಸುತ್ತಿಗೆಯಿಂದ ಬಡಿದೆ, ಅಲುಗಿಸಿದೆ, ಸ್ವಿಚ್ಚನ್ನು ನೂರು ಸಲ ಒತ್ತಿದೆ. ಸಾಮಾನು ಮಾರಿದವನಿಗೆ ಫೋನ್ ಹಚ್ಚಿ ಕೇಳಿದರೆ, ಗಾಳಿ ಇಲ್ಲದೆ ಅದು ಲಾಕ್ ಆಗುವುದು ಸಾಧ್ಯವೇ ಇಲ್ಲ, ನಿಮಗೆ ಹಾಗೆ ಅನ್ನಿಸಿರಬೇಕು ಅಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ವಾರದ ಮೇಲೆ ಕಂಪ್ರೆಸರ್ ಬಂತು, ಕೂಡಿಸಿದೆ, ಎಲ್ಲ ರೂಢಿಯಂತೆ ನಡೆಯುತ್ತಿದೆ.

ಒಂದೂವರೆ ತಿಂಗಳಾದ ಮೇಲೆ ದ್ಯಾಮವ್ವ, ಫಕ್ಕೀರಪ್ಪ ಗ್ಯಾರೇಜಿಗೆ ಬಂದರು. ಒಂದು ಚೀಲ ಹಸಿ ಶೇಂಗಾ ತಂದಿದ್ದರು. ಆಕೆ ತುಸು ಕುಂಟುತ್ತಿದ್ದಳು, ಆದರೆ ಕಣ್ಣುಗಳು ಪೂರ್ತಿ ತೆರೆದಿದ್ದವು. ಚಹಾ ಕುಡಿಯುವಾಗ ನಾನು ತಡೆಯಲಾರದೆ ಕೇಳಿದೆ, "ತಂಗಿ, ಅವತ್ತು ಆ ಗುಂಡಿ ಯಾಕ ಒತ್ತಿದಿ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀವ ಹೇಳಿದ್ರಲ್ಲಣ್ಣಾ. ಕಣ್ಣು ಕಾಣವೊಲ್ವಾಗಿತ್ತು. ನೀವು 'ಕೈ ಚಾಚವಾ, ಇನ್ನೊಂಚೂರು ಬಲಕ್ಕ, ಹಾಂ, ಒತ್ತು' ಅಂದ್ರಿ. ಒತ್ತಿದ್ನಿ."

ಅವರು ಹೋದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಿಷ ಏರಿದ ಮನುಷ್ಯರಿಗೆ ಏನೇನೋ ಕೇಳಿಸುತ್ತದೆ. ಗಾಲಿಯ ಮಾತು ಹೇಗೋ ಇರಲಿ, ಇದಕ್ಕಾದರೂ ಒಂದು ಕಾರಣ ಸಿಕ್ಕಿತಲ್ಲ ಎನಿಸಿ ತುಸು ಹಗುರವೂ ಆಯಿತು. ಆ ಸಮಾಧಾನದಲ್ಲಿಯೇ ಹುಸೇನಸಾಬರಿಗೆ ಫೋನ್ ಮಾಡಿ, ದ್ಯಾಮವ್ವ ಅಂದದ್ದನ್ನು ನಗುತ್ತ ಹೇಳಿದೆ.

ಅವರು ನಗಲಿಲ್ಲ.

"ಮಿಸ್ತ್ರಿ, ಹಿಂದ ನಿಂತು ನೂಕುವಾಗ ನನಗೂ ಕೇಳಿತ್ರಿ ಅದು. 'ಇನ್ನೊಂಚೂರು ಬಲಕ್ಕ' ಅಂದದ್ದು. ನೀವ ಆಕೀಗೆ ಹೇಳಾಕತ್ತೀರಿ ಅಂತ ತಿಳಕೊಂಡಿದ್ದೆ. ನೀವಲ್ಲೇನು?"

ನಾನಲ್ಲ. ಆ ಹಳ್ಳದಲ್ಲಿ ಗಾಡಿ ಸಿಕ್ಕಿಕೊಂಡಾಗಿನಿಂದ ಏರು ಹತ್ತುವ ತನಕ ನಾನು ಹಲ್ಲು ಕಚ್ಚಿ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ಇಷ್ಟು ಮಾತ್ರ ನನಗೆ ಖಂಡಿತವಾಗಿ ಗೊತ್ತು.