ಕುಂಕುಮ ಹಚ್ಚಿದ ಬಂದೂಕು

ಮೊನ್ನೆ ಭಾನುವಾರ ಅಟ್ಟದಿಂದ ಹೊಲಿಗೆ ಮೆಷಿನ್ ಇಳಿಸಿದೆ. ಮಗಳ ಕುರ್ತಾದ ಪಕ್ಕದ ಹೊಲಿಗೆ ಬಿಚ್ಚಿತ್ತು, ದರ್ಜಿಗೆ ಕೊಡುವಷ್ಟು ದೊಡ್ಡ ಕೆಲಸವಲ್ಲ. ಚಕ್ರ ಕಿರುಗುಟ್ಟುತ್ತಿತ್ತೆಂದು ಎರಡು ಹನಿ ಎಣ್ಣೆ ಬಿಟ್ಟು, ಹಳೇ ಬನಿಯನ್ ಚೂರಿನಿಂದ ಒರೆಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು. ಹಳೇ ಬಟ್ಟೆ, ತೆಳ್ಳನೆಯ ಎಣ್ಣೆ, ತಣ್ಣನೆಯ ಕಬ್ಬಿಣ... ಎದುರುಮನೆಯ ಸರ್ ತಮ್ಮ ಬಂದೂಕು ಒರೆಸುತ್ತಿದ್ದುದು ಇದೇ ಎಣ್ಣೆಯಲ್ಲಿ. ಬಂದೂಕಿಗೆಂದೇ ಮಾರುವ ಎಣ್ಣೆ ಬೇರೆ ಇದೆಯಂತೆ. "ಅದೆಲ್ಲ ಶೋಕಿ ಕಣಮ್ಮ, ಹೊಲಿಗೆ ಮೆಷಿನ್ ಎಣ್ಣೆಗಿಂತ ಒಳ್ಳೇದಿಲ್ಲ" ಎನ್ನುತ್ತಿದ್ದರು. ನಾನು ಮೆಷಿನ್ ಮುಚ್ಚಿಟ್ಟು, ಗ್ಯಾಸ್ ಆಫ್ ಆಗಿದೆಯೇ ಎಂದು ಅಡುಗೆಮನೆಗೆ ಹೋಗಿ ನೋಡಿ ಬಂದೆ. ಆಫ್ ಆಗಿತ್ತು. ಅಂದು ಬೆಳಗ್ಗೆ ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ.

ನಾನು ಅಂಥವಳು. ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಇನ್ನೊಮ್ಮೆ ಜಗ್ಗುತ್ತೇನೆ. "ಬೀಗಕ್ಕೇ ಸುಸ್ತಾಗುತ್ತೆ, ಬಿಡೇ" ಎಂದು ನನ್ನ ಗಂಡ ಹಂಗಿಸುವುದುಂಟು. ಇಂಥವಳು ಮದುವೆಯಾಗಿ ಆರ್.ಟಿ. ನಗರದ ಈ ಬೀದಿಗೆ ಬಂದು, ಎದುರುಮನೆಯಲ್ಲಿ ಬಂದೂಕಿದೆ ಎಂದು ತಿಳಿದಾಗ ಹೇಗಾಗಿರಬೇಡ! ಒಂದು ವಾರ ಆ ಕಡೆಯ ಕಿಟಕಿಯನ್ನೇ ತೆರೆಯಲಿಲ್ಲ.

ಅವರು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಕಾಲೇಜಿನಲ್ಲಿ ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತಿದ್ದವರು. ಬೀದಿಗೆಲ್ಲ ಸರ್. ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಬಂದೂಕು ಸರ್ ಅವರ ತಂದೆಯದು, ಜೋಡುನಳಿಗೆಯದು. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿದ್ದ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದವಂತೆ, ಅದಕ್ಕೆಂದು ತೆಗೆದುಕೊಂಡಿದ್ದು. ಹೊಲ ಹೋಗಿ ಸೈಟಾಯಿತು, ಹಂದಿಗಳೂ ಹೋದವು, ಬಂದೂಕು ಉಳಿಯಿತು. ಒಮ್ಮೆ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಅಲ್ಲಿದ್ದ ಗುಮಾಸ್ತ, "ಆರ್.ಟಿ. ನಗರದಲ್ಲಿ ಯಾವ ಬೆಳೆ ಕಾಯ್ತೀರಿ ಸಾರ್?" ಎಂದು ಕೇಳಿದನಂತೆ. "ತುಳಸಿ" ಎಂದು ಹೇಳಿ ಬಂದಿದ್ದರು.

ಸರ್ಕಾರದ ಮೇಲೆ ಅವರಿಗೆ ಈ ವಿಷಯದಲ್ಲಿ ಮಾತ್ರ ಕಡುಕೋಪ. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಸರ್ ಅದನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ಸೇರಿಸಲು ಹೊರಟವರ ಮುಖ ಮಾಡಿಕೊಂಡು ಆಟೋ ಹತ್ತುತ್ತಿದ್ದರು. "ಕಾಗದ ಇಟ್ಕೊಂಡಿರೋನು ಸಾಲಲ್ಲಿ ನಿಲ್ಬೇಕು. ಕಾಗದಾನೇ ಇಲ್ದೆ ಸೊಂಟದಲ್ಲಿ ಸಿಕ್ಕಿಸ್ಕೊಂಡು ಓಡಾಡೋ ರೌಡಿ ಯಾವ ಠಾಣೆಗೆ ಹೋಗಿ ಒಪ್ಪಿಸ್ತಾನೆ ಹೇಳು?" ಎಂದು ನನ್ನನ್ನು ಕೇಳುತ್ತಿದ್ದರು. ಒಬ್ಬರು ಮೂರು ಇಟ್ಟುಕೊಳ್ಳಬಹುದು ಎಂದಿದ್ದ ಕಾನೂನು ಎರಡಕ್ಕೆ ಇಳಿದಾಗಲಂತೂ, ತಮ್ಮಲ್ಲಿ ಇದ್ದದ್ದು ಒಂದೇ ಆದರೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾಳೆ ಒಂದು ಅಂತಾರೆ. ನಾಡಿದ್ದು ಪೀಪಿ ಊದ್ಕೊಂಡು ಓಡಾಡಿ ಅಂತಾರೆ. ಈ ಕಾನೂನು ಕಾಗದ ನೋಡುತ್ತೆ, ಮನುಷ್ಯನ್ನ ನೋಡಲ್ಲ. ನನ್ನ ಬಲ್ಲೋರನ್ನ ಕೇಳ್ಲಿ, ಇವನ ಕೈಯಲ್ಲಿ ಬಂದೂಕು ಇರ್ಬೋದಾ ಅಂತ!" ನನಗೆ ಅವರ ಮಾತು ಸರಿ ಎನಿಸುತ್ತಿತ್ತು. ಈಗಲೂ ಎನಿಸುತ್ತದೆ.

ನನ್ನ ಹೆದರಿಕೆ ಕಂಡು ಅವರು ನಗಲಿಲ್ಲ, ಖುಷಿಪಟ್ಟರು. ಒಂದು ಭಾನುವಾರ ಗೇಟಿನ ಹತ್ತಿರ ನಾನು ಬೀಗ ಜಗ್ಗುತ್ತಿದ್ದುದನ್ನು ನೋಡಿ, "ನೀನು ಶೂಟಿಂಗ್ ಕಲೀಬೇಕು ಕಣಮ್ಮ. ಧೈರ್ಯ ಇರೋರ ಕೈಗೆ ನಾನು ರೈಫಲ್ ಕೊಡಲ್ಲ" ಎಂದರು. ಯಲಹಂಕದಾಚೆ ಅವರದೊಂದು ರೈಫಲ್ ಕ್ಲಬ್ಬಿತ್ತು. ಆಂಟಿಯೂ ಒತ್ತಾಯ ಮಾಡಿದ್ದರಿಂದ ಹೋದೆ. ಹೊಟ್ಟೆಯ ಮೇಲೆ ಮಲಗಿ, ಕ್ಲಬ್ಬಿನ ಸಣ್ಣ ರೈಫಲ್ಲಿಗೆ ಕೆನ್ನೆ ಕೊಟ್ಟೆ. ಪಕ್ಕದಲ್ಲಿ ಮಂಡಿಯೂರಿ ಅವರು ಹೇಳುತ್ತಿದ್ದರು: "ಉಸಿರು ಅರ್ಧ ಬಿಡು, ಹಿಡ್ಕೊ. ಟ್ರಿಗರ್ ಎಳೀಬೇಡ, ಒತ್ತು. ಗುಂಡು ಯಾವಾಗ ಹೋಯ್ತು ಅಂತ ನಿನಗೇ ಗೊತ್ತಾಗ್ಬಾರ್ದು." ಮೊದಲ ಗುಂಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಆದರೆ ಆ ಒಂದು ಕ್ಷಣ ನನ್ನ ತಲೆಯಲ್ಲಿ ಗ್ಯಾಸೂ ಇರಲಿಲ್ಲ, ಬೀಗವೂ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ತಲೆ ಖಾಲಿಯಾಗಿತ್ತು. ಆಮೇಲೆ ಒಂಬತ್ತು ವರ್ಷ, ಮಗಳು ಹೊಟ್ಟೆಯಲ್ಲಿದ್ದ ದಿನಗಳನ್ನು ಬಿಟ್ಟರೆ, ಭಾನುವಾರಗಳನ್ನು ತಪ್ಪಿಸಲಿಲ್ಲ. ಯಾವ ಡಾಕ್ಟರೂ ಕೊಡದಿದ್ದ ಔಷಧಿಯನ್ನು ಅವರು ಕೊಟ್ಟರು. ಆ ಋಣ ದೊಡ್ಡದು.

ಅವರ ಮನೆಯ ಆಯುಧಪೂಜೆಗೆ ಬೀದಿಯವರೆಲ್ಲ ಹೋಗುತ್ತಿದ್ದೆವು. ಹಾಲ್‌ನಲ್ಲಿ ಮಣೆಯ ಮೇಲೆ ಬಂದೂಕು, ಅದರ ಸುತ್ತ ನನ್ನ ಕತ್ತರಿ, ಬೀದಿಯ ಎಲೆಕ್ಟ್ರಿಷಿಯನ್ನಿನ ಡ್ರಿಲ್ಲು, ಆಂಟಿಯ ಈಳಿಗೆಮಣೆ. ಪೂಜೆಗೆ ಮುಂಚೆ ಸರ್ ಒಂದು ಶಾಸ್ತ್ರ ಮಾಡಿಸುತ್ತಿದ್ದರು. ಬಂದೂಕನ್ನು ನಡುವಿಗೆ ಮಡಚಿ ನನ್ನ ಕೈಗೆ ಕೊಡುವರು. ಮಡಚಿದರೆ ಎರಡೂ ನಳಿಗೆಗಳ ಹಿಂಬದಿ ತೆರೆದುಕೊಳ್ಳುತ್ತದೆ, ತೋಟಾ ತುಂಬುವುದು ಅಲ್ಲೇ. ಅಲ್ಲಿಂದ ಕಣ್ಣಿಟ್ಟು ಕಿಟಕಿಯ ಕಡೆ ನೋಡಬೇಕು. "ಏನ್ ಕಾಣುತ್ತೆ?" "ಬೆಳಕು ಸರ್." "ಎರಡರಲ್ಲೂ?" "ಎರಡರಲ್ಲೂ." ಆಮೇಲೆಯೇ ಕುಂಕುಮ, ಆಮೇಲೆಯೇ ಹೂವು. ಒಮ್ಮೆ ಪೂಜೆಯಾದರೆ ಮಾರನೆಯ ದಿನ ಬೆಳಗ್ಗೆ ಕದಲಿಸುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಕೊನೆಯ ವರ್ಷ ಅವರಲ್ಲಿ ಏನೋ ಸರಿಯಿರಲಿಲ್ಲ. ಕ್ಲಬ್ಬಿನ ರೇಂಜಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದರು. ಒಂದು ಭಾನುವಾರ ಹೆಬ್ಬಾಳದ ಫ್ಲೈಓವರ್ ದಾಟಿ ನೇರ ಹೋಗಬೇಕಾದವರು ಕೆಂಪಾಪುರದ ಗಲ್ಲಿಗೆ ಕಾರು ನುಗ್ಗಿಸಿ, ನಿಲ್ಲಿಸಿ, "ಇದ್ಯಾವ ಊರಮ್ಮ?" ಎಂದರು. ವಯಸ್ಸಾಯಿತು, ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೂ ಬೇಕಾಗಿತ್ತು.

ಆ ಆಯುಧಪೂಜೆಯ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಬಂದೂಕಿಗೆ ಕುಂಕುಮ ಹಚ್ಚಿ ಆಗಿತ್ತು. ಮಡಚದೆ, ಮುಚ್ಚಿದಂತೆಯೇ ಮಣೆಯ ಮೇಲಿತ್ತು. ನನ್ನ ಎಂಟು ವರ್ಷದ ಮಗಳು ನಳಿಗೆಯ ಬಾಯಿಗೆ ಎದುರಾಗಿ ಕೂತು ಸೇವಂತಿಗೆಯನ್ನು ಸಾಲಾಗಿ ಜೋಡಿಸುತ್ತಿದ್ದಳು. ಸರ್ ನನ್ನನ್ನು ನೋಡಿ ನಕ್ಕರೇ ಹೊರತು ಬೆಳಕಿನ ಮಾತೆತ್ತಲಿಲ್ಲ. ನಾನು ಬಾಯಿಬಿಡಬೇಕಿತ್ತು. ಅಷ್ಟು ಜನರೆದುರು, ಕುಂಕುಮ ಹಚ್ಚಿದ್ದನ್ನು ಮುಟ್ಟಲಾ ಎಂದು ಕೇಳುವುದು ಹೇಗೆ? ಅದೂ ಅವರನ್ನು? ಮಗಳನ್ನು ಏನೋ ನೆಪ ಹೇಳಿ ಪಕ್ಕಕ್ಕೆ ಎಳೆದುಕೊಂಡೆ. ಮಂಗಳಾರತಿ ಆಯಿತು, ಕಡಲೆಪುರಿ ಹಂಚಿದರು, ಮನೆಗೆ ಬಂದೆವು.

ಮನೆಯಲ್ಲಿ ಕೂರಲಾಗಲಿಲ್ಲ. ಅವರ ಮನೆಗೆ ಜನ ಬರುತ್ತಿದ್ದರು, ಹೋಗುತ್ತಿದ್ದರು, ಮಕ್ಕಳು ಓಡಾಡುತ್ತಿದ್ದವು. ಒಗ್ಗರಣೆ ಸೀದುಹೋಯಿತು. ನನಗಿರುವುದು ಹುಚ್ಚು, ಬೀಗದ ಹುಚ್ಚಿನಂಥದ್ದೇ ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ ಕಣ್ಣು ಅವರ ಬಾಗಿಲಿನ ಕಡೆಗೇ ಹೋಗುತ್ತಿತ್ತು. ಮೂರು ಗಂಟೆಗೆ ಎದ್ದು ಹೋದೆ. ಸರ್ ಮಲಗಿದ್ದರು. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಹೂವು ಸರಿಸಿ, ಬಂದೂಕೆತ್ತಿ ಮಡಚಿದೆ. ಬಲಗಡೆಯ ನಳಿಗೆಯಲ್ಲಿ ಬೆಳಕು. ಎಡಗಡೆಯಲ್ಲಿ ಹಿತ್ತಾಳೆಯ ಬಿಲ್ಲೆ.

ತೋಟಾವನ್ನು ಉಗುರಿನಿಂದ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡೆ. ಕೆಂಪು ಬಣ್ಣದ್ದು, ಹೆಬ್ಬೆರಳಿನಷ್ಟು ದಪ್ಪ. ಅಲ್ಲೇ ಕೂತೆ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಆಂಟಿ. ಅವರು ಕೂಗಿಕೊಳ್ಳಲಿಲ್ಲ. ಬಂದು ನನ್ನ ಕೈಯಿಂದ ತೋಟಾ ತೆಗೆದುಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದರು.

"ಯಾರಿಗೂ ಹೇಳ್ಬೇಡಮ್ಮ. ಬಂದೂಕಿಡೋ ಬೀರು ಬೀಗದ ಕೈ ಇನ್ಮೇಲೆ ನಾನೇ ಇಟ್ಕೋತೀನಿ."

"ಆಂಟಿ, ಸರ್‌ಗೆ..."

"ನನಗೆ ಗೊತ್ತಿಲ್ವಾ? ಮೊನ್ನೆ ನನ್ನ ಹೆಸರಿಗೇ ತಡಕಾಡಿದ್ರು. ಆದ್ರೆ ಅದೊಂದು ಕೈಯಲ್ಲಿದ್ರೆ ಇವ್ರು ಇವ್ರಾಗೇ ಇರ್ತಾರೆ. ಕಿತ್ಕೊಂಡ್ರೆ ಏನ್ ಉಳಿಯುತ್ತೆ ಹೇಳು?"

ಆಗಲಿ ಎಂದೆ. ಬಂದೂಕಿಗೆ ಮತ್ತೆ ಹೂವಿಟ್ಟು ಬಂದೆ.

ದೀಪಾವಳಿ ಕಳೆದ ಮೇಲೆ ಠಾಣೆಯ ಕಾನ್‌ಸ್ಟೆಬಲ್ ಬಂದ. ಲೈಸೆನ್ಸ್ ನವೀಕರಣಕ್ಕೆ ಅಕ್ಕಪಕ್ಕದವರ ಹೇಳಿಕೆ ಬೇಕಿತ್ತು. ಪಾಪ, ಅವನಿಗೆ ಇನ್ನೂ ನಾಲ್ಕು ಮನೆ ತಿರುಗುವುದಿತ್ತು. ನಡತೆ ಉತ್ತಮ ಎಂದು ಮೊದಲೇ ಬರೆದುಕೊಂಡು ಬಂದಿದ್ದ. "ಎದುರುಮನೆ ಸಾರ್ ಒಳ್ಳೇ ಜನ ಅಲ್ವಾ ಮೇಡಂ? ಇಲ್ಲೊಂದು ಸೈನ್ ಹಾಕ್ಬಿಡಿ."

ಪೆನ್ನು ಹಿಡಿದೆ. ಬಲ್ಲವರನ್ನು ಕೇಳಲಿ ಎನ್ನುತ್ತಿದ್ದರಲ್ಲ ಸರ್, ಈಗ ಕೇಳಲು ಬಂದಿದ್ದರು, ಅದೂ ನನ್ನನ್ನೇ. ಸೈನ್ ಹಾಕಿದರೆ ಇನ್ನೂ ಎಷ್ಟೋ ವರ್ಷ ಆ ಬಂದೂಕು ಆ ಮನೆಯಲ್ಲಿ. ಆಂಟಿ ಕೀಲಿಕೈ ಎಲ್ಲಿ ಬಚ್ಚಿಟ್ಟರೂ ಒಂದು ದಿನ ಸಿಗುತ್ತದೆ. ಅವರ ಎದುರಿಗೆ ಆಂಟಿ ಇರಬಹುದು, ನನ್ನ ಮಗಳಿರಬಹುದು... ಪೆನ್ನು ಕೆಳಗಿಟ್ಟೆ.

"ಜನ ತುಂಬಾ ಒಳ್ಳೆಯವರು. ಆದರೆ ಅವರಿಗೆ ಮರೆವು ಶುರುವಾಗಿದೆ. ಆಯುಧಪೂಜೆ ದಿನ ಬಂದೂಕಲ್ಲಿ ತೋಟಾ ಇತ್ತು."

ಅವನು ನನ್ನ ಮುಖ ನೋಡಿದ. "ಬರ್ಕೊಳ್ಳೋದಾ ಮೇಡಂ? ಬರೆದ್ಮೇಲೆ ಅಳಿಸೋಕಾಗಲ್ಲ."

"ಬರ್ಕೊಳ್ಳಿ."

ನೋಟೀಸು ಬಂದು ತಿಳಿಯುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ ಎಂದು ಅದೇ ಮಧ್ಯಾಹ್ನ ಹೋದೆ. ಸರ್ ವೆರಾಂಡದಲ್ಲಿ ಪದಬಂಧ ಬಿಡಿಸುತ್ತಿದ್ದರು. ಕೂರದೆ, ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪದಬಂಧದಿಂದ ತಲೆಯೆತ್ತದೆ ಕೇಳಿದರು, "ಯಾವ ನಳಿಗೇಲಿತ್ತು?"

"ಎಡಗಡೆ ಸರ್."

"ನಾನು ಮೊದಲು ಬಲಗಡೆ ತುಂಬ್ತೀನಿ. ನಲವತ್ತು ವರ್ಷದಿಂದ. ಎಡಗಡೆ ಇತ್ತು ಅಂದ್ರೆ ಎರಡೂ ತುಂಬಿದ್ದೆ." ಪದಬಂಧ ಪಕ್ಕಕ್ಕಿಟ್ಟು ಎದ್ದರು. "ಇನ್ನೊಂದನ್ನ ನಾನು ತೆಗೆದು ಎಲ್ಲಿಟ್ಟೆ?"

ಆಂಟಿಯನ್ನೂ ಕರೆದು ಮೂವರೂ ಸೇರಿ ಹುಡುಕಿದೆವು. ಆಂಟಿ ಗಂಟು ಹಾಕಿಟ್ಟಿದ್ದನ್ನು ಸೇರಿಸಿ ಎಣಿಸಿದರೂ ತೋಟಾ ಪೆಟ್ಟಿಗೆಯಲ್ಲಿ ನಿಜಕ್ಕೂ ಒಂದು ಕಡಿಮೆ ಇತ್ತು. ಬೀರು, ದಿಂಬು, ಅಕ್ಕಿ ಡಬ್ಬ, ಹಳೇ ಶೂಗಳ ಒಳಗೆ... ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಸರ್ ಸೋತು ಕೂತು, ನನ್ನ ಕಡೆ ನೋಡದೆ ಹೇಳಿದರು, "ನೀವಿನ್ನು ಹೊರಡಿ ಮೇಡಂ."

ಅಷ್ಟು ವರ್ಷ ಏನಮ್ಮಾ, ಬಾರಮ್ಮಾ ಎಂದವರ ಬಾಯಲ್ಲಿ ಮೇಡಂ ಎಂದು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಬಿದ್ದೆ. ಲೈಸೆನ್ಸ್ ನವೀಕರಣವಾಗಲಿಲ್ಲ, ಬಂದೂಕು ಠಾಣೆ ಸೇರಿತು. ಅವರೊಬ್ಬರೇ ಭಾನುವಾರದ ರೇಂಜಿಗೆ ಹೋಗುವ ಹಾಗಿರಲಿಲ್ಲ, ನನ್ನ ಜೊತೆ ಹೋಗಲು ಮನಸ್ಸಿರಲಿಲ್ಲ. ನಾನೂ ಬಿಟ್ಟೆ. ಆಂಟಿ ಹೇಳಿದ್ದಂತೆಯೇ ಆಯಿತು. ಆರು ತಿಂಗಳಲ್ಲಿ ಅವರು ಅವರಾಗಿ ಉಳಿಯಲಿಲ್ಲ. ಬಂದೂಕು ಹೋಗಿದ್ದರಿಂದ ಹಾಗಾಯಿತೋ, ಹೇಗಿದ್ದರೂ ಆಗುವುದಿತ್ತೋ, ಯಾರನ್ನು ಕೇಳಲಿ?

ಕೊನೆಯ ದಿನಗಳಲ್ಲಿ ಆಂಟಿ ತಾವಾಗಿ ಬಂದು ಕರೆದರು. "ಒಂದ್ಸಲ ಮಾತಾಡ್ಸು ಬಾಮ್ಮ. ಈಗ ಕೋಪ ಎಲ್ಲ ಏನಿಲ್ಲ. ಯಾರೂ ಗೊತ್ತಾಗಲ್ಲ ಅವ್ರಿಗೆ." ಮಂಚದ ಪಕ್ಕ ಕೂತೆ. ಒಣಗಿದ ಕೈ ಹಿಡಿದುಕೊಂಡೆ. ಅವರು ನನ್ನನ್ನು ಸೌಜನ್ಯದಿಂದ ನೋಡಿದರು, ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವಂತೆ. ನನ್ನ ಮುಖವಿರಲಿಲ್ಲ ಅವರಲ್ಲಿ, ಆ ಒಂಬತ್ತು ವರ್ಷದ ಭಾನುವಾರಗಳೂ ಇರಲಿಲ್ಲ. ಆಂಟಿ ನೀರು ತರಲು ಒಳಗೆ ಹೋದಾಗ, ಹತ್ತಿರ ಬಾ ಎಂದು ಸನ್ನೆ ಮಾಡಿದರು. ಬಗ್ಗಿದೆ.

"ಈ ಬೀದೀಲಿ ಎದುರುಮನೆಯವಳೊಬ್ಳಿದಾಳೆ" ಎಂದರು ಪಿಸುಮಾತಿನಲ್ಲಿ. "ಮಗಳ ಥರ ನೋಡ್ಕೊಂಡಿದ್ದೆ. ಪೊಲೀಸ್‌ನೋರಿಗೆ ಹೇಳಿ ಬಂದೂಕು ಕಿತ್ಕೊಂಡ್ಳು. ನೀವು ಹುಷಾರಾಗಿರಿ."

"ಆಗ್ಲಿ ಸರ್, ಹುಷಾರಾಗಿರ್ತೀನಿ" ಎಂದೆ. ಮನೆಗೆ ಬಂದು ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ ಅತ್ತೆ.

ಅವರು ಹೋಗಿ ಎರಡು ವರ್ಷವಾಯಿತು. ಆಂಟಿ ತಂಗಿಯ ಮನೆ ಸೇರಿದರು. ಮನೆ ಮಾರಾಟವಾಗಿ, ಹದಿನೈದು ದಿನದಿಂದ ಅದನ್ನು ಒಡೆಯುತ್ತಿದ್ದಾರೆ. ನಾನು ದಿನಾ ಬೆಳಗ್ಗೆ ಅಲ್ಲಿಗೆ ಹೋಗಿ ಮೇಸ್ತ್ರಿಗೆ ಹೇಳುತ್ತೇನೆ, ಕೆಂಪು ಬಣ್ಣದ್ದು, ಹಿತ್ತಾಳೆ ತಳದ್ದು, ಹೆಬ್ಬೆರಳಿನಷ್ಟಿದೆ, ಕಂಡರೆ ಹಾರೆ ತಾಕಿಸಬೇಡಿ, ನನ್ನನ್ನು ಕರೆಯಿರಿ. ಇಟ್ಟಿಗೆ ಹೊರುವ ಹೆಂಗಸರಿಗೂ ಹೇಳಿದ್ದೇನೆ. ಅವರು ತಮ್ಮಲ್ಲೇ ನಗುತ್ತಾರೆ. ಒಂದೊಂದು ಗೋಡೆ ಬಿದ್ದಾಗಲೂ ನಾನು ಗೇಟಿನ ಕಂಬಿ ಹಿಡಿದು ನಿಂತಿರುತ್ತೇನೆ. ಇನ್ನೂ ಸಿಕ್ಕಿಲ್ಲ. ಆ ಕಾನ್‌ಸ್ಟೆಬಲ್ ಇಂದು ಬಂದು ಕೇಳಿದರೂ ಬರೆದುಕೊಳ್ಳಿ ಎಂದೇ ಹೇಳುತ್ತೇನೆ. ಹಾಗೆ ಹೇಳಿದ್ದಕ್ಕೆ ಆಗುವ ಸಂಕಟ ಮಾತ್ರ ಇಷ್ಟು ವರ್ಷದಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ.

ನಿನ್ನೆ ದೂಳಿನಲ್ಲಿ ನಿಂತಿದ್ದವಳನ್ನು ನೋಡಿ ಮೇಸ್ತ್ರಿ ಕೇಳಿದ, "ದಿನಾ ಬಂದು ನಿಂತ್ಕೋತೀರಲ್ಲ ಮೇಡಂ, ಈ ಮನೆಯೋರು ನಿಮಗೇನಾಗ್ಬೇಕು?"

ಏನೆಂದು ಹೇಳುವುದು? ಶಿಷ್ಯೆ ಎನ್ನಲು ಬಾಯಿ ಬರಲಿಲ್ಲ. ಮಗಳ ಥರ ಎನ್ನಲು ಮೊದಲೇ ಧೈರ್ಯವಿಲ್ಲ.

"ಏನಿಲ್ಲಪ್ಪ" ಎಂದೆ, "ನಾನು ಎದುರುಮನೆಯವಳು."