ದುಂಬಿಯ ಮೈಯ ಹಳದಿ

ಕಮಲಾಪುರದ ಹೊರಗಿನ ತೊಗರಿ ಹೊಲ. ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿಲ್ಲ. ಗಿಡಗಳ ನಡುವೆ ಮೊಣಕಾಲೂರಿದ ಪಂಚಶೀಲಾ ಕ್ಯಾಮೆರಾವನ್ನು ಓಢಣಿಯಲ್ಲಿ ಸುತ್ತಿಕೊಂಡು, ಇಬ್ಬನಿಗೆ ನೆನೆದ ತೋಳು ಒರೆಸಿಕೊಳ್ಳುತ್ತಿದ್ದಾರೆ. ಕಾಯುತ್ತಿರುವುದು ದುಂಬಿಗಾಗಿ. ಹೆಬ್ಬೆರಳಿನಷ್ಟು ದಪ್ಪ, ಕಪ್ಪು ಮೈ, ನೀಲಿ ಮಿಂಚುವ ರೆಕ್ಕೆ. ಬಿಸಿಲೇರದೆ ಅದು ಬರುವುದಿಲ್ಲವೆಂದು ಗೊತ್ತಿದ್ದೂ ಇಷ್ಟು ಬೇಗ ಯಾಕೆ ಬಂದಿರಿ ಎಂದು ಜೊತೆಗೆ ಬಂದ ನಾನು ಕೇಳಿದರೆ, ‘ಮನ್ಯಾಗ ಕುಂತ್ರ ಇನ್ನಾ ತಲಿ ಕೆಡ್ತದ್ರಿ’ ಎನ್ನುತ್ತಾರೆ.

ತಲೆ ಕೆಡಲು ಕಾರಣವಿದೆ. ಹೊಲದಂಚಿನ ಕೊಟ್ಟಿಗೆಯಲ್ಲಿ ಹೊಲದ ಯಜಮಾನ ದೌಲಪ್ಪ ಸಿಮೆಂಟ್ ಕಲೆಸಲು ಕೂತಿದ್ದಾರೆ. ಕೊಟ್ಟಿಗೆಯ ತೊಲೆಗೆ ದುಂಬಿಗಳು ತೂತು ಕೊರೆದು ಮನೆ ಮಾಡಿಕೊಂಡಿವೆ. ತೊಲೆ ಮುರಿದು ಎಮ್ಮೆಗಳ ಮೇಲೆ ಬಿದ್ದರೆ ಗತಿಯೇನು ಎಂಬುದು ಅವರ ಚಿಂತೆ, ತಪ್ಪೆನ್ನಲಾಗದು. ಇದೇ ದುಂಬಿಗಳು ಪರಾಗ ಹೊತ್ತು ನಿಮ್ಮ ತೊಗರಿ ಕಾಯಿ ಕಟ್ಟಲು ನೆರವಾಗುತ್ತವೆ ಎಂದು ಪಂಚಶೀಲಾ ತೋರಿಸದಿದ್ದರೆ, ತೂತುಗಳೆಲ್ಲ ಇವತ್ತೇ ಮುಚ್ಚಿಹೋಗುತ್ತವೆ.

ಪಂಚಶೀಲಾ ಕಲಬುರಗಿಯ ಶಹಾಬಜಾರದವರು. ಅಲ್ಲಿನ ಜಗತ್ ವೃತ್ತದ ಬಳಿಯ ಅಲ್ಲಾಬಕ್ಷ ಅವರ ಸ್ಟುಡಿಯೋದಲ್ಲಿ ಮದುವೆ ಫೋಟೋ ತಿದ್ದುವ ಕೆಲಸ. ದೌಲಪ್ಪನವರ ಮಗಳ ಮದುವೆಯ ಆಲ್ಬಮ್ ಕೊಡಲು ಬಂದಾಗ ಮೊದಲ ಸಲ ದುಂಬಿ ಕಂಡರು. ಆಮೇಲೆ ರಜೆ ಬಂತೆಂದರೆ ಮೊದಲ ಬಸ್ಸು ಹತ್ತುತ್ತಾರೆ. ಕೇಳುವವರಿಲ್ಲದ ಈ ಫೋಟೋಗಳನ್ನು ಯಾಕೆ ತೆಗೆಯುತ್ತಾಳೆಂದು ತಾಯಿ ಕಸ್ತೂರಿಬಾಯಿಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಕೇಳಿದಾಗ ಪಂಚಶೀಲಾ ಕೂಡ ತಲೆ ಕೆರೆದುಕೊಂಡರು.

ಹೋದ ವಾರ ಒಂದು ಚಂದದ ಫೋಟೋ ಸಿಕ್ಕಿತ್ತು. ಎಂದಿನಂತೆ ಸ್ಟುಡಿಯೋದಲ್ಲಿ ಕೂತು ತಿದ್ದಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ದೌಲಪ್ಪನವರ ಕೈಗಿಟ್ಟರು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಪರಾಗ ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ಪಂಚಶೀಲಾ ಕಕ್ಕಾಬಿಕ್ಕಿ. ಕಣ್ಣಾರೆ ಕಂಡ ಹಳದಿ ಎಲ್ಲಿ ಹೋಯಿತು? ಮರುದಿನ ಯಾವನೋ ಮದುಮಗನ ಕಿವಿಯಂಚಿಗೆ ಉಳಿದಿದ್ದ ಅರಿಶಿನವನ್ನು ಕಂಪ್ಯೂಟರಿನಲ್ಲಿ ಅಳಿಸುವಾಗ ಕೈ ಗಕ್ಕನೆ ನಿಂತಿತು.

‘ಅರಿಶಿನ ಕಂಡ್ರ ನಮ್ಮ ಕೈ ತಾನಾ ಅಳಸ್ತದ್ರಿ. ದುಂಬೀದೂ ಹಂಗೇ ಅಳಿಸಿಬಿಟ್ಟೀನಿ. ಯಾವಾಗ ಅಳಿಸ್ದೆ, ನೆನಪೇ ಇಲ್ಲ.’

ಮೂಲ ಚಿತ್ರವೂ ಇಲ್ಲ. ಮುಂದಿನ ಮದುವೆಗೆಂದು ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿದ್ದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಈಗ ಬಿಸಿಲು ಬೆನ್ನಿಗೆ ತಾಗುತ್ತಿದೆ. ಗುಂಯ್ ಎನ್ನುತ್ತ ದುಂಬಿಯೊಂದು ಬಂದು ಹೂವಿಗೆ ಜೋತುಬೀಳುತ್ತದೆ. ಪಂಚಶೀಲಾ ಉಸಿರು ಬಿಗಿಹಿಡಿದು ಕ್ಲಿಕ್ಕಿಸುತ್ತಾರೆ, ಮರುಗಳಿಗೆ ಕೊಟ್ಟಿಗೆಯತ್ತ ಓಡುತ್ತಾರೆ. ದೌಲಪ್ಪ ಕ್ಯಾಮೆರಾದ ಮೇಲೆ ಬಗ್ಗಿ ನೋಡುತ್ತಾರೆ. ದುಂಬಿಯ ಹೊಟ್ಟೆಯಡಿ, ಕಾಲಿನ ಕೂದಲಿಗೆಲ್ಲ ಹಳದಿ ಪುಡಿ. ಹಾಗಾದರೆ ಮೊದಲಿನ ಫೋಟೋ ಸುಳ್ಳೇ ಎಂದು ಈಗ ಅವರಿಗೆ ಗೊಂದಲ.

‘ದುಂಬಿ ಖರೇನೇ ಅದ ಕಾಕಾ. ನಾ ಅದನ್ನ ಚಂದ ಮಾಡಾಕ ಹೋಗಿ ಹಳದಿ ಅಳಿಸಿಬಿಟ್ಟೀನಿ’ ಎನ್ನುತ್ತಾರೆ ಪಂಚಶೀಲಾ.

ದೌಲಪ್ಪ ತೊಲೆ ನೋಡುತ್ತಾರೆ, ಎಮ್ಮೆ ನೋಡುತ್ತಾರೆ, ಮತ್ತೆ ತೊಲೆ ನೋಡುತ್ತಾರೆ. ಕೊನೆಗೆ, ಕೆಳಗೊಂದು ಕಂಬ ಆಸರೆ ಕೊಟ್ಟರಾಯಿತು ಎಂದು ಗೊಣಗಿ, ಕಲೆಸಿದ ಸಿಮೆಂಟನ್ನು ಒಡೆದ ನೀರಿನ ತೊಟ್ಟಿಯ ಕಡೆ ಒಯ್ಯುತ್ತಾರೆ. ಅರ್ಧ ದಾರಿಯಲ್ಲಿ ನಿಂತು ತಿರುಗುತ್ತಾರೆ.

‘ಈ ಫೋಟೋನೂ ದೊಡ್ಡದು ಮಾಡಿ ಕೊಡವ್ವಾ. ಈ ಸಲ ಅದಕ್ಕ ಜಳಕ ಮಾಡಸಬ್ಯಾಡ.’